ಮದುವೆಗೆ ಫೋಟೋಗ್ರಾಫರ್ ಆರಿಸುವ ಮುನ್ನ ಒಂದು ಇಡೀ ಮದುವೆ ನೋಡಿ

ಮುಹೂರ್ತ ನಿಶ್ಚಯವಾಗಿ, ಛತ್ರಕ್ಕೆ ಅಡ್ವಾನ್ಸ್ ಕೊಟ್ಟು, ಅಡುಗೆಯವರನ್ನೂ ಗೊತ್ತು ಮಾಡಿದ ಮೇಲೆ ಮನೆಯಲ್ಲಿ ಏಳುವ ಮಾತು ಫೋಟೋದವರದ್ದು. ಹುಡುಗಿ ಇನ್‌ಸ್ಟಾಗ್ರಾಂನಲ್ಲಿ ನಾಲ್ಕಾರು ಪೇಜ್‌ಗಳನ್ನು ಗುರುತು ಹಾಕಿಟ್ಟಿರುತ್ತಾಳೆ. ಅಪ್ಪನಿಗೆ ದೊಡ್ಡ ಮಗಳ ಮದುವೆ ತೆಗೆದ ಊರಿನ ಸ್ಟುಡಿಯೋದವರೇ ಆಗಬೇಕು. ಛತ್ರದ ಮ್ಯಾನೇಜರ್ ಮತ್ತೊಬ್ಬರ ಕಾರ್ಡ್ ಕೊಡುತ್ತಾರೆ. ಕೊಟೇಶನ್ ತರಿಸಿದರೆ ಒಬ್ಬರದ್ದು ಇನ್ನೊಬ್ಬರ ನಾಲ್ಕು ಪಟ್ಟು. ಆದರೆ ಎಲ್ಲದರಲ್ಲೂ ಬರೆದಿರುವುದು ಹೆಚ್ಚುಕಡಿಮೆ ಒಂದೇ: ಕ್ಯಾಂಡಿಡ್, ಟ್ರೆಡಿಷನಲ್, ಸಿನಿಮ್ಯಾಟಿಕ್ ವಿಡಿಯೋ, ಡ್ರೋನ್, ಒಂದು ಆಲ್ಬಮ್. ಫೋಟೋ ನೋಡಿದರೆ ಎಲ್ಲರದ್ದೂ ಚೆನ್ನಾಗಿಯೇ ಇವೆ. ಹಾಗಾದರೆ ಆರಿಸುವುದು ಹೇಗೆ?

ಎಲ್ಲರದ್ದೂ ಚೆನ್ನಾಗಿ ಕಾಣುವುದಕ್ಕೆ ಕಾರಣವಿದೆ. ನೀವು ನೋಡುತ್ತಿರುವುದು ಹತ್ತಾರು ಮದುವೆಗಳಿಂದ ಆರಿಸಿ ತೆಗೆದ ಒಂದೊಂದು ಚಿತ್ರ. ಸಂಜೆಯ ಇಳಿಬಿಸಿಲು, ಖಾಲಿ ರೆಸಾರ್ಟ್, ಹೇಳಿದಂತೆ ನಿಲ್ಲುವ ಜೋಡಿ ಸಿಕ್ಕರೆ ಸಾಧಾರಣ ಕೈಯವರೂ ಒಳ್ಳೆಯ ಚಿತ್ರ ತೆಗೆಯಬಲ್ಲರು. ನಿಮ್ಮ ಮುಹೂರ್ತ ನಡೆಯುವುದು ಅಲ್ಲಲ್ಲ. ಅಲ್ಲಿ ಹೋಮದ ಹೊಗೆ ಇರುತ್ತದೆ, ಮಂಟಪದ ಸುತ್ತ ನಲವತ್ತು ಮಂದಿ ನೆಂಟರು ನಿಂತಿರುತ್ತಾರೆ, ಒಂದು ಕಡೆ ಟ್ಯೂಬ್‌ಲೈಟ್, ಇನ್ನೊಂದು ಕಡೆ ನೇರಳೆ ಬಣ್ಣದ ಎಲ್‌ಇಡಿ. ಅಂತರಪಟ ಸರಿದು ಜೀರಿಗೆ–ಬೆಲ್ಲ ಬೀಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಗಟ್ಟಿಮೇಳ ಶುರುವಾಗಿ ಮೂರು ಗಂಟು ಬೀಳುವವರೆಗೆ ಸಿಗುವುದು ಒಂದು ನಿಮಿಷವೂ ಇಲ್ಲ. ಇನ್ನೊಮ್ಮೆ ಕಟ್ಟಿ ಎಂದು ಕೇಳಲಾಗದು. ಆದ್ದರಿಂದ ಮದುವೆ ಫೋಟೋಗ್ರಾಫರ್‌ನಲ್ಲಿ ನೀವು ಹುಡುಕಬೇಕಾದ ಗುಣ ಒಂದು ಅದ್ಭುತ ಚಿತ್ರ ತೆಗೆಯುವುದಲ್ಲ. ಕೆಟ್ಟ ಬೆಳಕಲ್ಲಿ, ನೂಕುನುಗ್ಗಲಲ್ಲಿ, ಬೇಕಾದ ಚಿತ್ರವನ್ನು ತಪ್ಪಿಸಿಕೊಳ್ಳದೆ ಇರುವುದು.

ಫಿಲ್ಮ್ ಕಾಲದಲ್ಲಿ ಒಂದು ರೋಲ್‌ಗೆ 36 ಚಿತ್ರ. ಊರಿನ ಸ್ಟುಡಿಯೋದವರು ಎಣಿಸಿ ಎಣಿಸಿ ಕ್ಲಿಕ್ ಮಾಡುತ್ತಿದ್ದರು. ಧಾರೆ, ತಾಳಿ, ಸಪ್ತಪದಿ, ಗ್ರೂಪ್ ಫೋಟೋ ಯಾವುದನ್ನೂ ಬಿಡುತ್ತಿರಲಿಲ್ಲ. ಈಗ ಎರಡು ದಿನಕ್ಕೆ ಐದು ಸಾವಿರ ಚಿತ್ರ ಬಂದರೂ ಆಶ್ಚರ್ಯವಿಲ್ಲ. ಆದರೂ ಸೋದರಮಾವನ ಒಂದು ನೆಟ್ಟಗಿನ ಚಿತ್ರ ಇಲ್ಲ ಎಂಬ ದೂರು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ.

ನಿಮ್ಮದು ಯಾವ ಬಗೆಯ ಮದುವೆ?

ಯಾರನ್ನೂ ಕರೆಸುವ ಮುನ್ನ ನಿಮ್ಮ ಕಾರ್ಯಕ್ರಮದ ಪಟ್ಟಿಯನ್ನು ಗಂಟೆ ಸಮೇತ ಒಂದು ಹಾಳೆಯ ಮೇಲೆ ಬರೆಯಿರಿ. ದಕ್ಷಿಣದ ಜಿಲ್ಲೆಗಳಲ್ಲಿ ಹಿಂದಿನ ಸಂಜೆಯೇ ಆರತಕ್ಷತೆ ಮುಗಿಸಿ ಮರುದಿನ ಬೆಳಗ್ಗೆ ಮುಹೂರ್ತ ಇಡುವ ರೂಢಿ ಹೆಚ್ಚು. ರಾತ್ರಿ ಹನ್ನೊಂದಕ್ಕೆ ರಿಸೆಪ್ಷನ್ ಮುಗಿಸಿದ ತಂಡವೇ ಬೆಳಗಿನ ಐದಕ್ಕೆ ಹೆಣ್ಣಿನ ಅಲಂಕಾರ ತೆಗೆಯಬೇಕು. ಇಬ್ಬರೇ ಇರುವ ತಂಡಕ್ಕೆ ಇದು ಕಷ್ಟ, ನಿದ್ದೆಗೆಟ್ಟ ಕಣ್ಣು ಮುಹೂರ್ತದ ಹೊತ್ತಿಗೆ ಸೋತಿರುತ್ತದೆ. ಉತ್ತರ ಕರ್ನಾಟಕದಲ್ಲಿ ಅಕ್ಷತೆ ಮಧ್ಯಾಹ್ನಕ್ಕೆ ಬಿದ್ದರೆ ಸಮಸ್ಯೆ ಬೇರೆ: ಮನೆ ಮುಂದಿನ ಚಪ್ಪರದ ಕೆಳಗೆ ಒಂದು ಕಡೆ ನೆರಳು, ಇನ್ನೊಂದು ಕಡೆ ಸುಡುಬಿಸಿಲು. ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ. ಹಿರಿಯರು, ನೆಂಟರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ ಹಾಲು ಕೊಟ್ಟು ಹರಸುವ ಸಾಲು ಬಹಳ ಹೊತ್ತು ನಡೆಯುತ್ತದೆ. ಗಂಗಾಪೂಜೆಯಲ್ಲಿ ನೀರು ಹೊತ್ತ ಮದುಮಗಳ ದಾರಿಗೆ ಅಡ್ಡ ಕುಣಿಯುವವರ ನಡುವೆ ಹಿಮ್ಮುಖವಾಗಿ ನಡೆಯುತ್ತಾ ಚಿತ್ರ ತೆಗೆಯಬೇಕು. ಇದನ್ನು ಮೊದಲೇ ನೋಡಿರದವರಿಗೆ ಯಾವ ಕ್ಷಣಕ್ಕೆ ಕಾಯಬೇಕೆಂದೇ ತಿಳಿಯುವುದಿಲ್ಲ.

ನಿಕಾಹ್‌ನಲ್ಲಿ ಹೆಂಗಸರ ಕಡೆಗೆ ಮಹಿಳಾ ಫೋಟೋಗ್ರಾಫರ್ ಇದ್ದರೆ ಎಲ್ಲರಿಗೂ ನೆಮ್ಮದಿ. ಅರಿಶಿನ ಶಾಸ್ತ್ರಕ್ಕೂ ಹೆಣ್ಣಿನ ಅಲಂಕಾರದ ಕೋಣೆಗೂ ಇದೇ ಮಾತು. ಚರ್ಚ್ ಮದುವೆಯಾದರೆ ಫ್ಲ್ಯಾಶ್ ಬಳಸಬಹುದೇ, ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಪಾದ್ರಿಗಳಲ್ಲಿ ಮೊದಲೇ ವಿಚಾರಿಸಿ. ಕುವೆಂಪು ಅವರ ಮಂತ್ರಮಾಂಗಲ್ಯದ ರೀತಿಯಲ್ಲೋ ನೋಂದಣಿ ಕಚೇರಿಯಲ್ಲೋ ಸರಳವಾಗಿ ಮದುವೆಯಾಗುವವರಿಗೆ ಎರಡು ದಿನದ ಪ್ಯಾಕೇಜ್ ಬೇಕಿಲ್ಲ. ಅನುಭವಿ ಒಬ್ಬರನ್ನು ಅರ್ಧ ದಿನಕ್ಕೆ ಕರೆಸಿ, ಉಳಿದ ಹಣದಲ್ಲಿ ಒಂದು ಒಳ್ಳೆಯ ಆಲ್ಬಮ್ ಮಾಡಿಸಿ.

ಟ್ರೆಡಿಷನಲ್ ಬೇಕೋ ಕ್ಯಾಂಡಿಡ್ ಬೇಕೋ ಎಂಬ ಜಗಳ ಮನೆಯಲ್ಲಿ ಬಂದೇ ಬರುತ್ತದೆ. ವೇದಿಕೆಯ ಮೇಲೆ ನಿಲ್ಲಿಸಿ ತೆಗೆಯುವ ಗ್ರೂಪ್ ಫೋಟೋವನ್ನು ಕೀಳಾಗಿ ನೋಡಬೇಡಿ. ದೂರದ ಊರಿಂದ ಬಂದ ಹಿರಿಯರು ಮದುಮಕ್ಕಳ ಪಕ್ಕದಲ್ಲಿ ನೇರ ನಿಂತು ಕ್ಯಾಮೆರಾ ನೋಡುವ ಚಿತ್ರಕ್ಕೆ ಬೆಲೆ ಬರುವುದು ವರ್ಷಗಳು ಕಳೆದ ಮೇಲೆ. ಹಣ ಒಂದಕ್ಕೇ ಸಾಲುವುದಾದರೆ, ಶಾಸ್ತ್ರಗಳನ್ನೂ ಗ್ರೂಪ್‌ಗಳನ್ನೂ ಬಿಡದೆ ತೆಗೆಯುವ, ನಡುನಡುವೆ ಸಹಜ ಚಿತ್ರ ಹಿಡಿಯುವ ಒಬ್ಬರನ್ನೇ ಆರಿಸಿ.

ಆರಿಸುವ ಹಂತಗಳು

1. ಒಂದು ಇಡೀ ಮದುವೆ ತೋರಿಸಿ ಎಂದು ಕೇಳಿ. ಮೂರ್ನಾಲ್ಕು ಹೆಸರುಗಳನ್ನು ಮಾತ್ರ ಇಟ್ಟುಕೊಂಡು, ಪ್ರತಿಯೊಬ್ಬರಲ್ಲೂ ಒಂದೇ ಕುಟುಂಬದ, ಒಂದೇ ಮದುವೆಯ ಎಲ್ಲ ಚಿತ್ರಗಳನ್ನು ಕೇಳಿ. ಗ್ರಾಹಕರಿಗೆ ಕೊಟ್ಟ ಪೂರ್ತಿ ಗ್ಯಾಲರಿ. ಸಾಧ್ಯವಾದರೆ ನಿಮ್ಮದರಂಥದ್ದೇ ಛತ್ರ, ನಿಮ್ಮದೇ ಸಂಪ್ರದಾಯ. ಆ ಕುಟುಂಬದ ಒಪ್ಪಿಗೆ ಇಲ್ಲದಿದ್ದರೆ ಆನ್‌ಲೈನಲ್ಲಿ ಕಳಿಸದೆ ತಮ್ಮ ಸ್ಟುಡಿಯೋದಲ್ಲೇ ತೋರಿಸುತ್ತಾರೆ, ಅದು ಸರಿಯಾದ ನಡೆಯೇ. ಯಾವುದನ್ನೂ ಪೂರ್ತಿ ತೋರಿಸಲು ಒಲ್ಲದವರನ್ನು ಪಟ್ಟಿಯಿಂದ ತೆಗೆದುಬಿಡಿ.

ನೋಡುವಾಗ ನೇರ ಮಾಂಗಲ್ಯಧಾರಣೆಗೆ ಹೋಗಿ. ಗಂಟು ಕಟ್ಟುವ ಕೈ ಕಾಣುತ್ತದೆಯೇ, ಅಥವಾ ನಡುವೆ ಯಾರದ್ದೋ ತೋಳು ಬಂದಿದೆಯೇ? ಆ ಹೊತ್ತಿನಲ್ಲಿ ಎಲ್ಲ ಕಡೆಯಿಂದ ಅಕ್ಷತೆ ಬೀಳುತ್ತಿರುತ್ತದೆ. ಕ್ಯಾಮೆರಾದ ಆಟೋಫೋಕಸ್ ಬೀಳುವ ಅಕ್ಕಿಕಾಳನ್ನೇ ಹಿಡಿದುಕೊಂಡರೆ ಹುಡುಗಿಯ ಮುಖ ಮಸುಕಾಗುತ್ತದೆ. ಪಳಗಿದವರು ಮೊದಲೇ ಫೋಕಸ್ ಸರಿಮಾಡಿಕೊಂಡು, ಪುರೋಹಿತರ ಎದುರು ಎಲ್ಲಿ ನಿಲ್ಲಬೇಕೆಂದು ಜಾಗ ಹಿಡಿದಿರುತ್ತಾರೆ. ಒಂದೇ ಗಂಟಿನ ನಾಲ್ಕೈದು ಸ್ಪಷ್ಟ ಚಿತ್ರಗಳು, ಎರಡು ಕೋನದಿಂದ, ಇದ್ದರೆ ಆ ತಂಡಕ್ಕೆ ಕೆಲಸ ಗೊತ್ತು.

ಆಮೇಲೆ ಸೀರೆಯ ಜರಿ ನೋಡಿ. ನೇರವಾಗಿ ಮುಖಕ್ಕೆ ಫ್ಲ್ಯಾಶ್ ಹೊಡೆದರೆ ರೇಷ್ಮೆಯ ಜರಿ ಬೆಳ್ಳಗೆ ಸುಟ್ಟಂತಾಗಿ ನೇಯ್ಗೆಯೇ ಕಾಣುವುದಿಲ್ಲ. ಚಾವಣಿಗೆ ಫ್ಲ್ಯಾಶ್ ತಾಗಿಸಿ ಬೆಳಕು ತರುವುದು ಒಳ್ಳೆಯ ಉಪಾಯ, ಆದರೆ ಮೇಲೆ ಕೆಂಪು–ಹಳದಿ ಶಾಮಿಯಾನ ಇದ್ದರೆ ಆ ಬಣ್ಣವೇ ಎಲ್ಲರ ಮುಖಕ್ಕೆ ಇಳಿಯುತ್ತದೆ. ಆರತಕ್ಷತೆಯ ವೇದಿಕೆಯ ಹಿಂದೆ ಎಲ್‌ಇಡಿ ಪರದೆ ಇದ್ದರೆ ಚಿತ್ರದಲ್ಲಿ ಅಡ್ಡ ಗೆರೆಗಳು ಮೂಡಿವೆಯೇ, ಮುಂದೆ ನಿಂತವರ ಮುಖ ಕಪ್ಪಾಗಿದೆಯೇ ಗಮನಿಸಿ.

ಮೈಬಣ್ಣದ ಬಗ್ಗೆ ಒಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಎಡಿಟಿಂಗ್ ಹೆಸರಲ್ಲಿ ಎಲ್ಲರನ್ನೂ ಬೆಳ್ಳಗೆ ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ. ಗೋಧಿ ಬಣ್ಣದ, ಎಣ್ಣೆಗಪ್ಪಿನ ಹುಡುಗಿ ತನ್ನದೇ ಆಲ್ಬಮ್‌ನಲ್ಲಿ ಬೇರೆ ಯಾರೋ ಆಗಿ ಕಾಣುವುದು ಅವಳಿಗೆ ಮಾಡುವ ಅವಮಾನ. ನೀವು ನೋಡುತ್ತಿರುವ ಗ್ಯಾಲರಿಯಲ್ಲಿ ಕೈಯ ಬಣ್ಣವೂ ಮುಖದ ಬಣ್ಣವೂ ಹೊಂದುತ್ತವೆಯೇ, ಅಜ್ಜಿಯ ಮುಖದ ಸುಕ್ಕುಗಳು ಉಳಿದಿವೆಯೇ ನೋಡಿ. "ನಮ್ಮ ಬಣ್ಣ ಹೇಗಿದೆಯೋ ಹಾಗೇ ಇರಲಿ" ಎಂದು ಮೊದಲ ಭೇಟಿಯಲ್ಲೇ ಹೇಳಿಬಿಡಿ.

ಕೊನೆಯದಾಗಿ, ಮದುಮಕ್ಕಳನ್ನು ಬಿಟ್ಟು ಬೇರೆಯವರನ್ನು ಎಣಿಸಿ. ಧಾರೆ ಎರೆಯುವಾಗ ಅಪ್ಪನ ಮುಖ, ಹೆಣ್ಣು ಒಪ್ಪಿಸುವಾಗ ಅಮ್ಮ, ಕಳಸ ಹಿಡಿದ ತಂಗಿ, ವಾಲಗದವರು, ಅಡುಗೆಮನೆ. ಇವರೆಲ್ಲ ಇದ್ದರೆ ಆ ಫೋಟೋಗ್ರಾಫರ್ ಸುತ್ತ ನೋಡುತ್ತಾರೆಂದು ಅರ್ಥ.

2. ಬರುವವರು ಯಾರು? ಇದು ಹೆಚ್ಚಿನವರು ಕೇಳದೆ ಬಿಡುವ ಪ್ರಶ್ನೆ. ಆಷಾಢ, ಪಿತೃಪಕ್ಷ, ಧನುರ್ಮಾಸ ಬಿಟ್ಟರೆ ಉಳಿಯುವ ತಿಂಗಳಲ್ಲಿ ಒಳ್ಳೆಯ ಲಗ್ನಗಳು ಕೆಲವೇ. ಒಂದೇ ದಿನ ಊರಿನ ಎಲ್ಲ ಛತ್ರಗಳೂ ತುಂಬಿರುತ್ತವೆ. ಹೆಸರಾದ ಸ್ಟುಡಿಯೋ ಅಂಥ ದಿನ ಎರಡು ಮೂರು ಮದುವೆ ಒಪ್ಪಿಕೊಂಡು, ಹೊರಗಿನ ಫ್ರೀಲ್ಯಾನ್ಸರ್‌ಗಳನ್ನು ಕಳಿಸುವುದು ಈ ವೃತ್ತಿಯಲ್ಲಿ ಮಾಮೂಲು. ಅದರಲ್ಲಿ ತಪ್ಪೇನಿಲ್ಲ, ನಿಮಗೆ ಗೊತ್ತಿರಬೇಕು ಅಷ್ಟೆ. ಮುಹೂರ್ತಕ್ಕೆ ನಿಲ್ಲುವವರ ಹೆಸರು ಕೇಳಿ, ನೀವು ನೋಡುವ ಗ್ಯಾಲರಿ ಅವರೇ ತೆಗೆದದ್ದಾಗಿರಲಿ. ಅವರಿಗೆ ಜ್ವರ ಬಂದರೆ ಬದಲಿಗೆ ಯಾರು ಎಂಬುದನ್ನೂ ಕೇಳಿಟ್ಟುಕೊಳ್ಳಿ.

3. ಎದುರು ಕೂತು ಮಾತಾಡಿ. ಈ ವ್ಯಕ್ತಿ ಎರಡು ದಿನ ನಿಮ್ಮ ಅಕ್ಕಪಕ್ಕದಲ್ಲೇ ಇರುತ್ತಾರೆ. ಅತಿಥಿಗಳಿಗೆ ಅಡ್ಡ ನಿಲ್ಲದೆ ಕೆಲಸ ಮಾಡುವುದು ಹೇಗೆ ಎಂದು ಕೇಳಿ. ಮುಂದಿನ ಸಾಲಿನಲ್ಲಿ ಕೂತವರಿಗೆ ತಾಳಿ ಕಟ್ಟುವುದು ಕಾಣದೆ ಕ್ಯಾಮೆರಾದವರ ಬೆನ್ನು ಮಾತ್ರ ಕಂಡಿತು ಎಂಬ ಬೇಸರ ಎಷ್ಟು ಮದುವೆಗಳಲ್ಲಿ ಕೇಳಿಲ್ಲ! ವಧುವಿನ ಜತೆ ಗೌರವದಿಂದ ಮಾತಾಡುತ್ತಾರೆಯೇ, ಬರೀ ಅವಳ ಅಪ್ಪನ ಜತೆಗೋ ಎಂಬುದೂ ಬಹಳ ಹೇಳುತ್ತದೆ.

4. ಸಲಕರಣೆಯ ಬಗ್ಗೆ ಮೂರೇ ಪ್ರಶ್ನೆ ಸಾಕು. ಕ್ಯಾಮೆರಾದ ಕಂಪನಿ ಯಾವುದೆಂದು ಕೇಳಿ ಪ್ರಯೋಜನವಿಲ್ಲ. ಕೆಟ್ಟರೆ ಇನ್ನೊಂದು ಕ್ಯಾಮೆರಾ ಕೈಯಲ್ಲಿದೆಯೇ? ಒಂದೇ ಹೊತ್ತಿಗೆ ಎರಡು ಮೆಮೊರಿ ಕಾರ್ಡ್‌ಗೆ ಬರೆಯುವ ಕ್ಯಾಮೆರಾವೇ? ಅವತ್ತು ರಾತ್ರಿಯೇ ಎಷ್ಟು ಕಡೆ ಪ್ರತಿ ಮಾಡುತ್ತೀರಿ? ಕಾರ್ಡ್ ಕೆಟ್ಟು ಮದುವೆಯ ಚಿತ್ರಗಳೇ ಹೋಗುವ ಅಪಾಯಕ್ಕೆ ಈ ಮೂರೇ ತಡೆ.

5. ವಿಡಿಯೋದವರಲ್ಲಿ ದನಿಯ ಬಗ್ಗೆ ವಿಚಾರಿಸಿ. ಐದು ನಿಮಿಷದ ಹೈಲೈಟ್ಸ್‌ಗೆ ಸಿನಿಮಾ ಹಾಡು ಹಚ್ಚುವುದು ಸುಲಭ. ಯೂಟ್ಯೂಬ್‌ಗೆ ಹಾಕಿದರೆ ಹಾಡಿನ ಹಕ್ಕುದಾರರ ತಕರಾರು ಬರುವುದೂ ಉಂಟು. ನಿಮಗೆ ಮುಂದೆ ಬೇಕಾಗುವುದು ಪುರೋಹಿತರ ಮಂತ್ರ, ಗಟ್ಟಿಮೇಳ, ಸೋಬಾನೆ ಹೇಳಿದ ಅತ್ತೆಯ ದನಿ. ಪ್ರತ್ಯೇಕ ಮೈಕ್ ಇಟ್ಟು ರೆಕಾರ್ಡ್ ಮಾಡುತ್ತಾರೆಯೇ? ಕತ್ತರಿಸದ ಪೂರ್ತಿ ಮುಹೂರ್ತದ ವಿಡಿಯೋ ಕೊಡುತ್ತಾರೆಯೇ?

6. ಹಿಂದಿನ ಗ್ರಾಹಕರಿಬ್ಬರಿಗೆ ಫೋನ್ ಮಾಡಿ. "ಫೋಟೋ ಚೆನ್ನಾಗಿ ಬಂತಾ" ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. "ಆಲ್ಬಮ್ ಕೈಗೆ ಬಂದದ್ದು ಯಾವಾಗ? ಕೊನೆಗೆ ಹೆಚ್ಚು ದುಡ್ಡು ಕೇಳಿದರಾ?" ಎಂದು ಕೇಳಿದರೆ ನಿಜ ಹೊರಬರುತ್ತದೆ.

ಬರವಣಿಗೆಯಲ್ಲಿ ಇರಬೇಕಾದದ್ದು

ಪರಿಚಯದವರು ಎಂಬ ಕಾರಣಕ್ಕೆ ಬಾಯಿಮಾತಲ್ಲಿ ಮುಗಿಸಬೇಡಿ. ದೊಡ್ಡ ಕರಾರುಪತ್ರ ಬೇಕಿಲ್ಲ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು, ಕನಿಷ್ಠ ಎಲ್ಲ ಅಂಶಗಳಿರುವ ವಾಟ್ಸ್‌ಆಪ್ ಸಂದೇಶಕ್ಕೆ ಅವರ ಒಪ್ಪಿಗೆಯ ಉತ್ತರವಾದರೂ ಇರಲಿ. ದಿನಾಂಕ, ಬರುವ ಮತ್ತು ಮುಗಿಸುವ ಗಂಟೆ, ಎಷ್ಟು ಜನ, ಯಾರು, ಸಮಯ ಮೀರಿದರೆ ಗಂಟೆಗೆ ಎಷ್ಟು, ಪ್ರಯಾಣ–ವಸತಿ ಯಾರದ್ದು, ಎಡಿಟ್ ಮಾಡಿದ ಚಿತ್ರ ಎಷ್ಟು, ಎಡಿಟ್ ಮಾಡದ್ದನ್ನೂ ಕೊಡುತ್ತಾರೆಯೇ, ಆಲ್ಬಮ್‌ನ ಅಳತೆ ಮತ್ತು ಶೀಟ್‌ಗಳ ಸಂಖ್ಯೆ, ಕೊಡುವ ಗಡುವು, ಮದುವೆ ಮುಂದೂಡಿದರೆ ಅಡ್ವಾನ್ಸ್ ಏನಾಗುತ್ತದೆ. ಶೀಟ್‌ಗಳ ಸಂಖ್ಯೆ ಬರೆಯದೆ ಬಿಟ್ಟಲ್ಲೇ ಕೊನೆಗೆ ಜಗಳ ಏಳುವುದು: ಒಪ್ಪಿಕೊಂಡದ್ದಕ್ಕಿಂತ ಹತ್ತು ಶೀಟ್ ಹೆಚ್ಚಾಯಿತು, ಪ್ರತಿ ಶೀಟ್‌ಗೆ ಇಷ್ಟು ಎಂಬ ಬಿಲ್ ಆಮೇಲೆ ಬರುತ್ತದೆ. ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೋ ಆದರೆ ಹೇಳಿದ ಮೊತ್ತದ ಮೇಲೆ ಶೇ 18 ಸೇರುತ್ತದೆ, ಅದು ಒಳಗೋ ಹೊರಗೋ ಎಂದು ಬರೆಸಿ.

ಹಣವನ್ನು ಮೂರು ಕಂತು ಮಾಡಿ. ಬುಕ್ ಮಾಡುವಾಗ ಸ್ವಲ್ಪ, ಮದುವೆಯ ಹೊತ್ತಿಗೆ ದೊಡ್ಡ ಪಾಲು, ಕಾಲು ಭಾಗವನ್ನಾದರೂ ಆಲ್ಬಮ್, ವಿಡಿಯೋ ಕೈಗೆ ಬಂದ ಮೇಲೆ. ಪೂರ್ತಿ ಹಣ ಮೊದಲೇ ಕೊಟ್ಟರೆ ಮುಂದಿನ ಲಗ್ನದ ಗದ್ದಲದಲ್ಲಿ ನಿಮ್ಮ ಆಲ್ಬಮ್ ಹಿಂದೆ ಬೀಳುತ್ತದೆ. ಆದರೆ ತಡಕ್ಕೆ ನಾವೂ ಕಾರಣರಾಗುತ್ತೇವೆ: ಚಿತ್ರ ಆರಿಸಿಕೊಡಿ ಎಂದು ಅವರು ಕಳಿಸಿದ ಮೇಲೆ ಆರು ತಿಂಗಳು ಸುಮ್ಮನಿರುವ ಕುಟುಂಬಗಳು ಅನೇಕ. ಹತ್ತು ದಿನದೊಳಗೆ ಆರಿಸಿಕೊಡುತ್ತೇವೆ ಎಂದು ನೀವೂ ಬರೆದುಕೊಡಿ.

ಹಕ್ಕಿನ ಬಗ್ಗೆ ತಿಳಿದಿರಬೇಕಾದ ಸಂಗತಿ ಒಂದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಕೆಲವು ಸ್ಟುಡಿಯೋಗಳ ಕರಾರಿನಲ್ಲಿ "ಎಲ್ಲ ಹಕ್ಕೂ ನಮ್ಮದು, ಜಾಹೀರಾತಿಗೆ ಬಳಸುತ್ತೇವೆ" ಎಂಬ ಸಾಲು ಸಣ್ಣ ಅಕ್ಷರದಲ್ಲಿರುತ್ತದೆ. ಅದಕ್ಕೆ ಸಹಿ ಹಾಕಿದರೆ ಆ "ಬೇರೆ ಒಪ್ಪಂದ" ಆಗಿಹೋಯಿತು. ನಿಮ್ಮ ಚಿತ್ರ ಅವರ ಪೇಜ್‌ನಲ್ಲಿ ಬರುವುದು ನಿಮಗೆ ಇಷ್ಟವಿಲ್ಲದಿದ್ದರೆ ಆ ಸಾಲು ಹೊಡೆದುಹಾಕಿಸಿ. ಇಷ್ಟವಿದ್ದರೂ ಮಕ್ಕಳ ಚಿತ್ರ, ಅಲಂಕಾರದ ಕೋಣೆಯ ಚಿತ್ರ ಕೇಳದೆ ಹಾಕಕೂಡದು ಎಂದು ಸೇರಿಸಿ.

ಡ್ರೋನ್: ಎಚ್ಚರಿಕೆ

ಪ್ಯಾಕೇಜ್‌ನಲ್ಲಿ ಉಚಿತ ಎಂದು ಡ್ರೋನ್ ಸೇರಿಸಿದ್ದರೆ ಖುಷಿಪಡುವ ಮುನ್ನ ಕೇಳಿ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಭಾರದ ಡ್ರೋನನ್ನು ವ್ಯಾಪಾರಕ್ಕಾಗಿ ಹಾರಿಸುವವರಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಇರಬೇಕು. ವಿಮಾನ ನಿಲ್ದಾಣದ ಸುತ್ತ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಯಾವ ಜಾಗ ಯಾವ ವಲಯದಲ್ಲಿದೆ ಎಂಬುದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕಾಣುತ್ತದೆ. ಬೆಂಗಳೂರಿನಲ್ಲಿ ದೇವನಹಳ್ಳಿ, ಎಚ್‌ಎಎಲ್, ಯಲಹಂಕ, ಜಕ್ಕೂರು ಹೀಗೆ ಹಲವು ಕಡೆ ವಿಮಾನಗಳ ಹಾರಾಟವಿರುವುದರಿಂದ ಆಸುಪಾಸಿನ ಛತ್ರ, ರೆಸಾರ್ಟ್‌ಗಳಲ್ಲಿ ಈ ವಿಚಾರಣೆ ಮಾಡಲೇಬೇಕು. ಜನರ ತಲೆಯ ಮೇಲೆ, ಛತ್ರದ ಒಳಗೆ ಹಾರಿಸಲು ಬಿಡಲೇಬೇಡಿ. ತಿರುಗುವ ರೆಕ್ಕೆ ತಗುಲಿದರೆ ಮಗುವಿನ ಕಣ್ಣು ಹೋಗಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

• ಪ್ರೀವೆಡ್ಡಿಂಗ್ ಶೂಟ್ ನೋಡಿ ಮದುವೆಗೆ ಗೊತ್ತುಮಾಡುವುದು. ಅಲ್ಲಿ ಬೇಕೆಂದಷ್ಟು ಸಲ ಮತ್ತೆ ತೆಗೆಯಬಹುದು, ಮಂಟಪದಲ್ಲಿ ಆಗದು.

• ಗಂಡಿನ ಕಡೆಗೊಂದು, ಹೆಣ್ಣಿನ ಕಡೆಗೊಂದು ತಂಡ ಕರೆಸಿ, ಇಬ್ಬರಿಗೂ ಪರಸ್ಪರ ಹೇಳದೆ ಬಿಡುವುದು. ಒಬ್ಬರ ಚಿತ್ರದಲ್ಲಿ ಇನ್ನೊಬ್ಬರ ಕ್ಯಾಮೆರಾ ಬರುತ್ತದೆ, ಒಬ್ಬರ ಲೈಟು ಇನ್ನೊಬ್ಬರ ಬೆಳಕನ್ನು ಕೆಡಿಸುತ್ತದೆ. ಎರಡೂ ಮನೆ ಸೇರಿ ಒಂದೇ ತಂಡ ಮಾಡಿಕೊಂಡರೆ ಖರ್ಚೂ ಹಂಚಿಹೋಗುತ್ತದೆ.

• ಕ್ಲಿಕ್‌ಗಳ ಸಂಖ್ಯೆಗೆ ಮರುಳಾಗುವುದು. ಹತ್ತು ಸಾವಿರ ಚಿತ್ರ ಕೊಡುತ್ತೇವೆ ಎಂದರೆ ಆರಿಸುವ ಕೆಲಸವನ್ನು ನಿಮ್ಮ ತಲೆಗೆ ಕಟ್ಟುತ್ತಿದ್ದಾರೆ ಎಂದರ್ಥ.

• ವೇದಿಕೆಯ ಅಲಂಕಾರಕ್ಕೆ ಲಕ್ಷಗಟ್ಟಲೆ ಸುರಿದು, ಅದರ ಬೆಳಕಿನ ಬಗ್ಗೆ ಫೋಟೋಗ್ರಾಫರ್ ಜತೆ ಒಂದು ಮಾತೂ ಆಡದಿರುವುದು. ಮುಹೂರ್ತದ ಹೊತ್ತಿಗೆ ಮಂಟಪಕ್ಕೆ ಬೀಳುವ ಬಣ್ಣಬಣ್ಣದ ಲೈಟುಗಳನ್ನು ಆರಿಸಿ, ಒಂದೇ ಬಣ್ಣದ ಬಿಳಿ ಬೆಳಕು ಉಳಿಸಿ ಎಂದು ಡೆಕೋರೇಟರ್‌ಗೆ ಹೇಳಿ. ಅರಿಶಿನ ಹಳದಿಯಾಗಿಯೇ ಕಾಣಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಮದುವೆಗೆ ಒಂದು ವಾರ ಮೊದಲು

ಗ್ರೂಪ್ ಫೋಟೋಗಳ ಪಟ್ಟಿ ಮಾಡಿ ಕೊಡಿ: ಅಜ್ಜ–ಅಜ್ಜಿಯರ ಜತೆ, ಸೋದರಮಾವಂದಿರು, ಅಮ್ಮನ ತವರಿನವರು, ಶಾಲೆಯ ಗೆಳೆಯರು. ಪ್ರತಿ ಮನೆಯಿಂದ ಎಲ್ಲರನ್ನೂ ಗುರುತಿಸಬಲ್ಲ ಒಬ್ಬರನ್ನು ಫೋಟೋಗ್ರಾಫರ್ ಜತೆ ಬಿಡಿ. ಅವರಿಗೆ ನಿಮ್ಮ ದೊಡ್ಡಪ್ಪ ಯಾರು, ಪಕ್ಕದ ಮನೆಯವರು ಯಾರು ಎಂದು ತಿಳಿಯುವುದು ಹೇಗೆ? ತುಂಬ ವಯಸ್ಸಾದವರ ಚಿತ್ರ ಬೆಳಗ್ಗೆಯೇ ಆಗಿಬಿಡಲಿ, ಊಟದ ಹೊತ್ತಿಗೆ ಅವರು ದಣಿದು ಕೋಣೆ ಸೇರಿರುತ್ತಾರೆ. ಪುರೋಹಿತರಿಗೂ ಫೋಟೋದವರಿಗೂ ಮೊದಲೇ ಪರಿಚಯ ಮಾಡಿಸಿ. ಯಾವ ಶಾಸ್ತ್ರ ಎಷ್ಟು ಹೊತ್ತಿಗೆ, ಎಲ್ಲಿ ಚಪ್ಪಲಿ ಬಿಡಬೇಕು, ಯಾವ ಕಡೆ ದಾಟಬಾರದು ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಮಾಂಗಲ್ಯಧಾರಣೆಯ ಹೊತ್ತಲ್ಲಿ ನೆಂಟರು ಮೊಬೈಲ್ ಹಿಡಿದು ಮಂಟಪ ಮುತ್ತದಂತೆ ನೋಡಿಕೊಳ್ಳಲು ಇಬ್ಬರು ತರುಣರನ್ನು ನೇಮಿಸಿ.

ಕ್ಯಾಮೆರಾ ತಂಡಕ್ಕೆ ಮೊದಲ ಪಂಕ್ತಿಯಲ್ಲೋ, ಅದು ಶುರುವಾಗುವ ಮುಂಚೆಯೋ ಊಟ ಹಾಕಿಸಿ. ಬೆಳಗಿನ ಜಾವದಿಂದ ನಿಂತವರನ್ನು ಮೂರು ಗಂಟೆಯವರೆಗೆ ಕಾಯಿಸುವುದು ಸಲ್ಲದು. ಹಾಗೆಯೇ ಎಲೆ ಮುಂದೆ ಕೂತವರ ಬಾಯಿಗೆ ತುತ್ತು ಹೋಗುವಾಗ ಕ್ಯಾಮೆರಾ ಹಿಡಿಯಬೇಡಿ ಎಂದು ಅವರಿಗೆ ಹೇಳಿಡಿ.

ಕೈಗೆ ಬಂದ ಮೇಲೆ

ಚಿತ್ರಗಳನ್ನು ತುಂಬಿಕೊಡಲು ಎರಡು ಹಾರ್ಡ್‌ಡಿಸ್ಕ್ ನೀವೇ ಕೊಂಡು ಕೊಡಿ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ತೆಗೆದ 4ಕೆ ವಿಡಿಯೋ ಗಂಟೆಗೆ 45 ಜಿಬಿ ತಿನ್ನುತ್ತದೆ; ಎರಡು ದಿನದ ಮದುವೆ ಪೆನ್‌ಡ್ರೈವ್‌ನಲ್ಲಿ ಹಿಡಿಯುವ ಮಾತಲ್ಲ. ಕೊನೆಯ ಕಂತು ಕೊಡುವ ಮೊದಲು ಪ್ರತಿ ಫೋಲ್ಡರ್ ತೆರೆದು, ವಿಡಿಯೋವನ್ನು ಮೊದಲು, ನಡುವೆ, ಕೊನೆಗೆ ಓಡಿಸಿ ನೋಡಿ. ಸ್ಟುಡಿಯೋದವರು ಎಷ್ಟು ತಿಂಗಳ ನಂತರ ತಮ್ಮಲ್ಲಿನ ಪ್ರತಿ ಅಳಿಸುತ್ತಾರೆಂದು ಕೇಳಿ, ಅದರೊಳಗೆ ಈ ಪರೀಕ್ಷೆ ಮುಗಿಸಿ. ಒಂದು ಡಿಸ್ಕ್ ನಿಮ್ಮಲ್ಲಿ, ಇನ್ನೊಂದು ತವರುಮನೆಯಲ್ಲಿ ಇರಲಿ. ಮುಖ್ಯವಾದ ನೂರು ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿಡಿ, ಡಿಸ್ಕ್‌ಗಳು ಕೆಡುತ್ತವೆ.

ಹಣ ಪಡೆದು ಆಲ್ಬಮ್ ಕೊಡದಿದ್ದರೆ, ಒಪ್ಪಿದ್ದಕ್ಕಿಂತ ಕಡಿಮೆ ಕೊಟ್ಟರೆ, ಮೊದಲು ಬರವಣಿಗೆಯಲ್ಲಿ ಗಡುವು ಕೊಟ್ಟು ಕೇಳಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ಸಹಿ ಹಾಕಿದ ಆ ಒಂದು ಹಾಳೆ, ಹಣ ಕಳಿಸಿದ ರಸೀದಿ, ವಾಟ್ಸ್‌ಆಪ್ ಸಂದೇಶಗಳು ಅಲ್ಲಿ ಸಾಕ್ಷಿಯಾಗುತ್ತವೆ. ಆಲ್ಬಮ್ ಕೈಗೆ ಬರುವವರೆಗೆ ಅವುಗಳನ್ನು ಅಳಿಸಬೇಡಿ.